ಶಾಲೆಯ ಬಾಗಿಲೂ ಶಾಲೆಯ ದಾರಿಯೂ

(ಉದ್ದನಪಲ್ಲಿಯಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ಕನ್ನಡ ನುಡಿಯ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಪಂಪನಿಂದ ಆರಂಭಿಸಿ ಕುಮಾರವ್ಯಾಸನವರೆಗೆ ಬಂದು, ಕೊನೆಗೆ ಮಕ್ಕಳನ್ನು ಹರಸಿ ಕುಳಿತುಕೊಂಡರೆ ಭಾಷಣಕಾರನ ಕೆಲಸ ಮುಗಿಯಿತು. ಆ ಮಾತುಗಳು ಬೇಡವೆಂದು ನಾವು ಹೇಳುವುದಿಲ್ಲ. ಅವನ್ನು ನಮಗಿಂತ ಚೆನ್ನಾಗಿ ಹೇಳಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ಇಂದು ಆರಿಸಿಕೊಂಡಿರುವ ವಿಷಯ ಅಷ್ಟು ಎತ್ತರದ್ದಲ್ಲ. ಅದು ಶಾಲೆಯ ದಾಖಲೆ ಪುಸ್ತಕಕ್ಕೂ ಬಸ್ಸಿನ ವೇಳಾಪಟ್ಟಿಗೂ ಸಂಬಂಧಪಟ್ಟದ್ದು. ಪ್ರತಿ ವರ್ಷ ಮೇ ತಿಂಗಳು ಬಂದಿತೆಂದರೆ ತಾಯಿತಂದೆಯರು ನಮ್ಮನ್ನು ಕೇಳುವ ಪ್ರಶ್ನೆಗಳು ಎರಡು. ಮಗುವಿಗೆ ಸ್ಥಳ ಸಿಕ್ಕುವುದೇ ಎಂಬುದು ಮೊದಲನೆಯದು. ಬಸ್ಸು ಬರುವುದೇ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರ ಕೊಡುವ ಕಛೇರಿ ಒಂದು, ಎರಡನೆಯದಕ್ಕೆ ಉತ್ತರ ಕೊಡುವ ಕಛೇರಿ ಮತ್ತೊಂದು. ಆದರೆ ಮಗು ಒಂದೇ. ಈ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವವರೆಗೆ ಎರಡಕ್ಕೂ ಸರಿಯಾದ ಉತ್ತರ ದೊರೆಯದೆಂಬುದು ನಮ್ಮ ಅನುಭವ.

ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ಜೂನ್ ತಿಂಗಳ ಆರಂಭ. ದೊಡ್ಡ ರಸ್ತೆಯಿಂದ ಬಹಳ ಒಳಗಿರುವ ಸಣ್ಣ ಹಳ್ಳಿಯೊಂದರಿಂದ ತಾಯಿಯೊಬ್ಬರು ತಮ್ಮ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದರು. ಮನೆಯಲ್ಲಿ ಕನ್ನಡವನ್ನಾಡುವ ಕುಟುಂಬ. ಕನ್ನಡ ತರಗತಿಯಲ್ಲಿ ಸ್ಥಳವಿದೆಯೆಂದು ಹೇಳಿದಾಗ ಆಕೆಗೆ ಸಂತೋಷವಾಯಿತು. ನಾವೂ ನಮ್ಮ ಕೆಲಸವಾಯಿತೆಂದು ಭಾವಿಸಿದೆವು. ಹೆಸರು ಬರೆಸಿ ಹೊರಟ ಆಕೆ ಬಾಗಿಲ ಬಳಿ ನಿಂತು, “ಸೀಟು ಕೊಟ್ರಿ ಸ್ವಾಮಿ, ದಾರಿ ಯಾರು ಕೊಡ್ತಾರೆ?” ಎಂದು ಕೇಳಿದರು. ಬೆಳಗಿನ ಬಸ್ಸು ಆ ಹಳ್ಳಿಯ ಕವಲಿಗೆ ಬರುತ್ತಿದ್ದುದು ಶಾಲೆಯ ಗಂಟೆ ಹೊಡೆದ ಮೇಲೆ; ಸಂಜೆಯ ಬಸ್ಸು ಬರುತ್ತಿದ್ದುದು ಕತ್ತಲು ಕವಿದ ಮೇಲೆ. ನಾವು ಏನೋ ಒಂದು ಸಮಾಧಾನ ಹೇಳಿ ಕಳುಹಿಸಿದೆವು. ಮಕ್ಕಳು ಎರಡು ವಾರ ಬಂದರು. ಮೂರನೆಯ ವಾರ ಬರಲಿಲ್ಲ. ತಮ್ಮ ಊರಿನ ಮಗ್ಗುಲಲ್ಲಿಯೇ ಇದ್ದ ಬೇರೆ ಮಾಧ್ಯಮದ ಶಾಲೆಗೆ ಸೇರಿದರೆಂದು ಆಮೇಲೆ ತಿಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲವೆಂಬ ಗಾದೆಯುಂಟು. ಇಲ್ಲಿ ಪೂಜಾರಿ ಯಾರೆಂಬುದೇ ನಮಗೆ ತಿಳಿಯಲಿಲ್ಲ. ಅದನ್ನು ಹುಡುಕಲು ಹೊರಟಾಗ ಕಂಡ ವಿಷಯಗಳನ್ನೇ ಇಂದು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ನಮ್ಮ ಸೀಮೆಯ ಸ್ಥಿತಿಯನ್ನು ಮಕ್ಕಳು ಮೊದಲು ತಿಳಿಯಬೇಕು. ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿ ಉದ್ದನಪಲ್ಲಿ ಇದೆ; ಒಂದು ಕಡೆಗೆ ಕೆಳಮಂಗಲ, ಇನ್ನೊಂದು ಕಡೆಗೆ ಶೂಲಗಿರಿ. ಇಲ್ಲಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕನ್ನಡ ಪ್ರದೇಶಗಳ ಬಹುಭಾಗ ಮೈಸೂರು ರಾಜ್ಯದಲ್ಲಿ ಒಂದಾಯಿತು. ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಸೇಲಂ ಜಿಲ್ಲೆಯಲ್ಲಿದ್ದ ನಾವು 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಜಿಲ್ಲೆಯ ಹೆಸರು ಬದಲಾದಾಗಲೆಲ್ಲ ಕಛೇರಿಯೂ ಬದಲಾಯಿತು, ಮನವಿ ಕೊಡಬೇಕಾದ ಬಾಗಿಲೂ ಬದಲಾಯಿತು. ಮನೆಯ ಮಾತು ಮಾತ್ರ ಇದ್ದಂತೆಯೇ ಇದೆ.

ವಿದ್ಯೆಗಾಗಿ ಊರು ಬಿಟ್ಟು ಹೋಗುವುದು ಈ ಸೀಮೆಗೆ ಹಳೆಯ ಅಭ್ಯಾಸ. ಹೊಸೂರಿನ ನೆರೆಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಹೊಸೂರಿನ ಶಾಲೆಯಲ್ಲಿ ಓದಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು. ಅವರೇ ಮದರಾಸಿನ ಮುಖ್ಯಮಂತ್ರಿಗಳಾಗಿದ್ದಾಗ, 1953ರಲ್ಲಿ, ಹಳ್ಳಿಯ ಪ್ರಾಥಮಿಕ ಶಾಲೆಗಳನ್ನು ದಿನಕ್ಕೆ ಎರಡು ಪಾಳಿಯಾಗಿ ನಡೆಸುವ ಯೋಜನೆಯನ್ನು ತಂದರು. ಇದ್ದ ಶಾಲೆಯಲ್ಲಿಯೇ ಹೆಚ್ಚು ಮಕ್ಕಳಿಗೆ ಸ್ಥಳ ಸಿಕ್ಕಬೇಕು, ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯ ಕಸುಬನ್ನು ಕಲಿಯಬೇಕು ಎಂಬುದು ಅದರ ಆಶಯ. ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಏರ್ಪಾಡೆಂದು ಜನ ತೀವ್ರವಾಗಿ ವಿರೋಧಿಸಿದರು. 1954ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದು ಅದನ್ನು ಕೈಬಿಟ್ಟರು. ಆ ವಾದವನ್ನು ಇಲ್ಲಿ ಮತ್ತೆ ಕೆದಕುವ ಇಚ್ಛೆ ನಮಗಿಲ್ಲ. ಶಾಲೆಯ ಗಂಟೆ ಎಷ್ಟು ಹೊತ್ತಿಗೆ ಹೊಡೆಯಬೇಕೆಂಬ ಸಣ್ಣ ನಿರ್ಣಯವೂ ಯಾವ ಮಗು ಓದುವುದು, ಯಾವುದು ಓದದೆ ಹೋಗುವುದು ಎಂಬುದನ್ನು ತೀರ್ಮಾನಿಸಬಲ್ಲದು ಎಂಬಷ್ಟನ್ನು ನೆನಪಿಸಿಕೊಂಡರೆ ಸಾಕು.

ಇನ್ನು ಸೇರ್ಪಡೆಯ ವಿಷಯ. 1949ರ ಆಗಸ್ಟ್ ತಿಂಗಳಲ್ಲಿ ಪ್ರಾಂತಗಳ ವಿದ್ಯಾಮಂತ್ರಿಗಳು ಸಮ್ಮೇಳನ ಸೇರಿ ಒಂದು ಸೂತ್ರವನ್ನು ಒಪ್ಪಿದರು. ಪ್ರಾಂತದ ಭಾಷೆಗಿಂತ ಬೇರೆಯಾದ ಮಾತೃಭಾಷೆಯ ಮಕ್ಕಳು ಒಂದು ಪ್ರಾಥಮಿಕ ಶಾಲೆಯಲ್ಲಿ ಒಟ್ಟು 40 ಮಂದಿ ಇದ್ದರೆ, ಇಲ್ಲವೇ ಒಂದು ತರಗತಿಯಲ್ಲಿ 10 ಮಂದಿ ಇದ್ದರೆ, ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಉಪಾಧ್ಯಾಯರನ್ನು ನೇಮಿಸತಕ್ಕದ್ದು. ಮಗುವಿನ ಮಾತೃಭಾಷೆ ಯಾವುದು? ತಾಯಿತಂದೆಯರು, ಅಥವಾ ಪೋಷಕರು, ಯಾವುದೆಂದು ಹೇಳುತ್ತಾರೆಯೋ ಅದು. ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ ಕೇಂದ್ರ ಸರ್ಕಾರ ಈ ಸೂತ್ರವನ್ನು ಮತ್ತೆ ಎತ್ತಿಹಿಡಿಯಿತು. 1956ರ ನವೆಂಬರ್ 1ರಂದು ಇದ್ದ ಸೌಲಭ್ಯಗಳನ್ನು ಕಡಿಮೆ ಮಾಡಬಾರದೆಂಬ ಮಾತೂ ಅದಕ್ಕೆ ಸೇರಿತು. ಆಮೇಲೆ ಪ್ರೌಢ ತರಗತಿಗಳಿಗೆ 15 ಮತ್ತು 60 ಎಂಬ ಅಂಕಿಗಳು ಬಂದವು. ಭಾಷಾ ಅಲ್ಪಸಂಖ್ಯಾತರ ಆಯುಕ್ತರು ತಮ್ಮ ವರದಿಗಳಲ್ಲಿ ಈ ಅಂಕಿಗಳನ್ನು ಮತ್ತೆ ಮತ್ತೆ ನೆನಪಿಸುತ್ತಲೇ ಬಂದಿದ್ದಾರೆ.

ಮಕ್ಕಳೇ, ಈಗ ಒಂದು ಲೆಕ್ಕ. ಒಂದನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳು ಕನ್ನಡಕ್ಕೆ ಸೇರಿದರೆಂದು ಇಟ್ಟುಕೊಳ್ಳಿ. ಇಡೀ ಶಾಲೆಯಲ್ಲಿ ಕನ್ನಡದ ಮಕ್ಕಳು ನಲವತ್ತು ಇಲ್ಲವೆಂದೂ ಇಟ್ಟುಕೊಳ್ಳಿ. ಬಸ್ಸು ಬಾರದ ಹಳ್ಳಿಯ ಇಬ್ಬರು ಬಿಟ್ಟುಹೋದರು. ಉಳಿದವರೆಷ್ಟು? ಒಂಬತ್ತು ಎನ್ನುತ್ತೀರಿ. ಗಣಿತದ ಮೇಷ್ಟರು ಆ ಉತ್ತರಕ್ಕೆ ಪೂರ್ತಿ ಅಂಕ ಕೊಡುತ್ತಾರೆ. ಆದರೆ ಸೂತ್ರದ ಲೆಕ್ಕದಲ್ಲಿ ಉಳಿದದ್ದು ಸೊನ್ನೆ. ಹತ್ತಕ್ಕೆ ಒಂದು ಕಡಿಮೆಯಾದೊಡನೆ ಕನ್ನಡದ ಉಪಾಧ್ಯಾಯರನ್ನು ಕೊಡಲೇಬೇಕೆಂದು ಕೇಳುವ ಆಧಾರ ಕುಸಿಯುತ್ತದೆ. ಉಪಾಧ್ಯಾಯರಿಲ್ಲದ ತರಗತಿಗೆ ಮರುವರ್ಷ ಯಾರು ಸೇರುತ್ತಾರೆ? ಬಸ್ಸು ತಪ್ಪಿದ್ದು ಇಬ್ಬರಿಗೆ. ತರಗತಿ ತಪ್ಪಿದ್ದು ಹನ್ನೊಂದು ಮಂದಿಗೆ, ಅವರ ಹಿಂದೆ ಬರಬೇಕಾದ ತಮ್ಮ ತಂಗಿಯರಿಗೆ. ಈ ಕಾರಣದಿಂದಲೇ, ಬಸ್ಸಿನ ವಿಷಯ ನಮ್ಮ ಸಂಘದ ಕೆಲಸವಲ್ಲವೆಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ.

ಸಂವಿಧಾನದ 350ಎ ವಿಧಿಯನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. 1956ರ ಏಳನೆಯ ತಿದ್ದುಪಡಿಯಿಂದ ಅದು ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯವನ್ನು ಒದಗಿಸಲು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಯಾರು ಪ್ರಯತ್ನಿಸಬೇಕು? ರಾಜ್ಯ ಸರ್ಕಾರ ಮಾತ್ರವಲ್ಲ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ. ಈ ಎರಡನೆಯ ಮಾತನ್ನು ನಾವು ಓದಿಯೂ ಓದದಂತೆ ಬಿಟ್ಟಿದ್ದೇವೆ. ಸೌಲಭ್ಯ ಬೇಕೆಂದರೆ ನಮ್ಮ ಕಣ್ಣು ಚೆನ್ನೈ ಕಡೆಗೆ, ಇಲ್ಲವೇ ಬೆಂಗಳೂರಿನ ಕಡೆಗೆ ಹೋಗುತ್ತದೆ. ಪಂಚಾಯಿತಿ ಕಛೇರಿಯ ಕಡೆಗೆ ಹೋಗುವುದಿಲ್ಲ. ಹಳ್ಳಿಯ ಶಾಲೆಗಳ ಹಲಗೆಯ ಮೇಲೆ ‘ಊರಾಟ್ಚಿ ಒನ್ರಿಯ’ ಎಂದು ಬರೆದಿರುವುದನ್ನು ಮಕ್ಕಳು ದಿನವೂ ನೋಡುತ್ತಾರೆ. 1958ರ ಮದರಾಸು ಪಂಚಾಯಿತಿ ಕಾಯಿದೆಯ ಮೇಲೆ ಹುಟ್ಟಿದ ಪಂಚಾಯಿತಿ ಯೂನಿಯನ್ನುಗಳ ಕೈಗೆ ಈ ಪ್ರಾಥಮಿಕ ಶಾಲೆಗಳು ಬಂದವು. 1981ರಲ್ಲಿ ಅವುಗಳ ಉಪಾಧ್ಯಾಯರು ಸರ್ಕಾರದ ನೌಕರರಾದರು; ಹಲಗೆಯ ಮೇಲೆ ಯೂನಿಯನ್ನಿನ ಹೆಸರು ಉಳಿದುಕೊಂಡಿತು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 9ನೆಯ ಪ್ರಕರಣವಂತೂ ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನೇ ಸಾಲಾಗಿ ಹೇಳುತ್ತದೆ: ನೆರೆಯಲ್ಲಿ ಶಾಲೆ ಇರುವಂತೆ ನೋಡಿಕೊಳ್ಳಬೇಕು, ತನ್ನ ಎಲ್ಲೆಯಲ್ಲಿರುವ 14 ವರ್ಷದವರೆಗಿನ ಮಕ್ಕಳ ದಾಖಲೆಯನ್ನು ಇಡಬೇಕು, ವಲಸೆ ಬಂದವರ ಮಕ್ಕಳನ್ನೂ ಸೇರಿಸಬೇಕು. ವಯಸ್ಸಿನ ದಾಖಲೆ ಇಲ್ಲವೆಂದು, ಹಿಂದಿನ ಶಾಲೆಯಿಂದ ಟಿ.ಸಿ. ಬರಲು ತಡವಾಯಿತೆಂದು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ ಎಂಬ ಮಾತೂ ಅದೇ ಕಾಯಿದೆಯಲ್ಲಿದೆ. ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿ ಮಧ್ಯದಲ್ಲಿ ಮರಳಿ ಬರುವ ಕುಟುಂಬಗಳು ಇದನ್ನು ನೆನಪಿನಲ್ಲಿಡಬೇಕು.

ಬಾಗಿಲಿನ ಕಥೆ ಇಷ್ಟು. ಇನ್ನು ದಾರಿಯ ಕಥೆ; ತೊಡಕೆಲ್ಲ ಇರುವುದು ಇಲ್ಲಿ.

ಆ ಕಾಯಿದೆಯ ಮೇಲೆ ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಒಂದರಿಂದ ಐದನೆಯ ತರಗತಿಯವರಿಗೆ 1 ಕಿಲೋಮೀಟರು ನಡೆಯುವಷ್ಟರಲ್ಲಿ, ಆರರಿಂದ ಎಂಟನೆಯ ತರಗತಿಯವರಿಗೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಶಾಲೆಯೇ ಇಲ್ಲದ ಸಣ್ಣ ಹಳ್ಳಿಗಳ ಮಕ್ಕಳಿಗೆ ಉಚಿತ ವಾಹನವನ್ನೋ ವಸತಿಯನ್ನೋ ಏರ್ಪಡಿಸಬೇಕು. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಅಳತೆಯ ಕೋಲನ್ನು ಹಿಡಿದವರು ಅಳೆಯುವುದು ಯಾವುದೋ ಒಂದು ಶಾಲೆಗಿರುವ ದೂರವನ್ನು. ಮಗುವಿನ ಮಾತಿನಲ್ಲಿ ಕಲಿಸುವ ಶಾಲೆಗಿರುವ ದೂರವನ್ನಲ್ಲ. ಅರ್ಧ ಕಿಲೋಮೀಟರಿನಲ್ಲಿ ತಮಿಳು ಮಾಧ್ಯಮದ ಶಾಲೆ ಇದೆ; ಐದು ಕಿಲೋಮೀಟರಿನಾಚೆ ಕನ್ನಡದ ತರಗತಿ ಇದೆ. ಕಾಗದದ ಮೇಲೆ ಈ ಮಗುವಿಗೆ ನೆರೆಯಲ್ಲಿಯೇ ಶಾಲೆ ಇದೆ. ಆದಕಾರಣ ವಾಹನದ ಮಾತೇ ಏಳುವುದಿಲ್ಲ. ಒಂದು ಕಛೇರಿ ಹತ್ತು ಮಕ್ಕಳಿದ್ದರೆ ಕನ್ನಡಕ್ಕೆ ಉಪಾಧ್ಯಾಯರನ್ನು ಕೊಡುತ್ತೇವೆನ್ನುತ್ತದೆ. ಮತ್ತೊಂದು ಕಛೇರಿ ಆ ಹತ್ತು ಮಕ್ಕಳು ಒಂದೆಡೆ ಸೇರುವ ದಾರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕದೆ ಹೋದದ್ದು ಇದರಿಂದ. ಯಾರೊಬ್ಬರ ಕೆಟ್ಟ ಬುದ್ಧಿಯೂ ಇದರಲ್ಲಿಲ್ಲ. ದೂರವನ್ನು ಅಳೆಯುವಾಗ ಭಾಷೆಯನ್ನು ಮರೆತಿದ್ದಾರೆ, ಅಷ್ಟೆ.

ಈ ತೊಡಕು ನಮಗೊಬ್ಬರಿಗೇ ಬಂದುದಲ್ಲವೆಂಬುದನ್ನು ತೋರಿಸಲು ಹೊರದೇಶಗಳ ಎರಡು ಮೂರು ಸಂಗತಿಗಳನ್ನು ಹೇಳಬೇಕಾಗಿದೆ. ಅಮೆರಿಕದ ಕಾನ್ಸಾಸ್ ಸಂಸ್ಥಾನದ ಟೊಪೀಕ ನಗರದಲ್ಲಿ ಲಿಂಡಾ ಬ್ರೌನ್ ಎಂಬ ಕಪ್ಪು ಜನಾಂಗದ ಬಾಲಕಿ ಇದ್ದಳು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಮ್ನರ್ ಶಾಲೆ ಇತ್ತು; ಅದು ಬಿಳಿಯರ ಮಕ್ಕಳಿಗೆ ಮೀಸಲು. ಆಕೆ ರೈಲುಹಳಿಗಳ ಪಕ್ಕದಲ್ಲಿ ನಡೆದು, ಬಸ್ಸು ಹಿಡಿದು, ದೂರದ ಮನ್ರೋ ಶಾಲೆಗೆ ಹೋಗಬೇಕಾಗಿತ್ತು. ಆಕೆಯ ತಂದೆಯೂ ಇತರರೂ ಹೂಡಿದ ವ್ಯಾಜ್ಯದಲ್ಲಿ 1954ರ ಮೇ 17ರಂದು ಅಲ್ಲಿನ ಸುಪ್ರೀಂ ಕೋರ್ಟು, ಬಣ್ಣ ನೋಡಿ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಅವಳಿಗೆ ಬಸ್ಸು ಇತ್ತು, ಬಾಗಿಲು ಮುಚ್ಚಿತ್ತು. ನಮ್ಮ ಮಕ್ಕಳಿಗೆ ಬಾಗಿಲು ತೆರೆದಿದೆ, ಬಸ್ಸು ಇಲ್ಲ. ಅವಳು ಪಟ್ಟ ಅವಮಾನವನ್ನು ನಮ್ಮ ತೊಂದರೆಯೊಡನೆ ಸರಿತೂಗಿಸುವುದು ನ್ಯಾಯವಲ್ಲ. ಬಾಗಿಲೂ ದಾರಿಯೂ ಕೂಡಿಯೇ ಶಾಲೆ ಎಂಬುದು ಮಾತ್ರ ಎರಡು ಕಡೆಯೂ ಒಂದೇ.

ಇಂಗ್ಲೆಂಡಿನಲ್ಲಿ 1944ರ ವಿದ್ಯಾಭ್ಯಾಸ ಕಾಯಿದೆ ಶಾಲೆಯ ದೂರಕ್ಕೆ ಅಳತೆಯನ್ನು ಗೊತ್ತುಮಾಡಿತು. 8 ವರ್ಷಕ್ಕಿಂತ ಚಿಕ್ಕ ಮಗುವಿಗೆ 2 ಮೈಲಿ, ಅದಕ್ಕೆ ಮೇಲ್ಪಟ್ಟವರಿಗೆ 3 ಮೈಲಿ; ಅದಕ್ಕಿಂತ ದೂರವಾದರೆ ಸ್ಥಳೀಯ ಪ್ರಾಧಿಕಾರವೇ ಮಗುವನ್ನು ಕರೆದೊಯ್ಯುವ ಏರ್ಪಾಡು ಮಾಡಬೇಕು. ಎಸೆಕ್ಸ್ ಪ್ರಾಂತದಲ್ಲಿ ಒಂದು ಮಗುವಿನ ದಾರಿ 3 ಮೈಲಿಗೆ ತುಸು ಕಡಿಮೆಯಿತ್ತು. ಆದರೆ ಅದು ಜನಸಂಚಾರವಿಲ್ಲದ, ದೀಪವಿಲ್ಲದ ಕಾಲುದಾರಿ. ತಾಯಿತಂದೆಯರು ಆ ದಾರಿಯಲ್ಲಿ ಕಳುಹಿಸಲು ಒಪ್ಪಲಿಲ್ಲ. ವ್ಯಾಜ್ಯ ಕೊನೆಗೆ ಪ್ರಭುಗಳ ಸಭೆಯವರೆಗೆ ಹೋಯಿತು. ದೊಡ್ಡವರೊಬ್ಬರು ಜೊತೆಗಿದ್ದು ಮಗು ತಕ್ಕಮಟ್ಟಿಗೆ ಕ್ಷೇಮವಾಗಿ ನಡೆಯಬಹುದಾದರೆ ಆ ದಾರಿ ದಾರಿಯೇ ಎಂದು 1986ರಲ್ಲಿ ನಿರ್ಣಯವಾಯಿತು. ಕಾಯಿದೆಯ ದೃಷ್ಟಿಯಿಂದ ಆ ನಿರ್ಣಯ ಸರಿಯಿರಬಹುದು. ಆದರೆ ಜೊತೆಗೆ ಹೋಗುವ ಆ ದೊಡ್ಡವರು ಯಾರು? ಅವರ ಆ ದಿನದ ಕೂಲಿಯನ್ನು ಕೊಡುವವರು ಯಾರು? ಹೂದೋಟಕ್ಕೋ ಕಾರ್ಖಾನೆಗೋ ಬೆಳಗಿನ ಜಾವದಲ್ಲಿಯೇ ಹೊರಡುವ ನಮ್ಮ ತಾಯಂದಿರು ಆ ಪ್ರಭುಗಳ ಮುಂದೆ ನಿಂತು ಈ ಪ್ರಶ್ನೆಯನ್ನು ಕೇಳಬೇಕಾಗಿತ್ತು ಎಂದು ನಮಗನ್ನಿಸುತ್ತದೆ.

ಈ ವಿಷಯದಲ್ಲಿ ನಮ್ಮ ದೇಶದ ನಿಯಮ ಇಂಗ್ಲೆಂಡಿನದಕ್ಕಿಂತ ಮೇಲು. 2010ರ ನಿಯಮಗಳಲ್ಲಿ ಇನ್ನೊಂದು ಮಾತುಂಟು. ಬೆಟ್ಟಗುಡ್ಡ, ನೆರೆ, ರಸ್ತೆಯಿಲ್ಲದಿರುವುದು, ಒಟ್ಟಿನಲ್ಲಿ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಎಳೆಯ ಮಕ್ಕಳಿಗೆ ಅಪಾಯವಿರುವುದು ಇಂತಹ ಕಡೆ, ಆ ಅಪಾಯವನ್ನು ತಪ್ಪಿಸುವಂತೆ ದೂರದ ಮಿತಿಯನ್ನೇ ಕಡಿಮೆ ಮಾಡಬೇಕು. ನಮ್ಮ ಸೀಮೆಯಲ್ಲಿ ಅಪಾಯವೆಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ರಾಗಿ ತೆನೆಗಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳಿಗಳ ಕಾಡನ್ನು ಹಾದು ಆನೆಗಳ ಹಿಂಡು ಸಾನಮಾವು ಕಾಡಿಗೆ ಬರುತ್ತದೆ. ರಾತ್ರಿ ಹೊಲಗಳಿಗೆ ಇಳಿಯುತ್ತದೆ, ಬೆಳಗಾಗುವ ಹೊತ್ತಿಗೆ ರಸ್ತೆ ದಾಟುತ್ತದೆ. ಅರಣ್ಯ ಇಲಾಖೆಯವರು ಕಾಡಿನಂಚಿನ ಹಳ್ಳಿಗಳಿಗೆ ಎಚ್ಚರಿಕೆ ಹೇಳುತ್ತಾರೆ: ಒಬ್ಬೊಬ್ಬರೇ ಓಡಾಡಬೇಡಿ, ಕತ್ತಲಲ್ಲಿ ಹೊರಗೆ ಬರಬೇಡಿ. ಆ ಎಚ್ಚರಿಕೆ ಹೊರಟ ದಿನವೂ ಶಾಲೆಯಲ್ಲಿ ಹಾಜರಿ ಕೂಗುತ್ತಾರೆ. ಬಾರದ ಮಗುವಿನ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ. ಆನೆ ಬಂದಿತ್ತೆಂದು ಬರೆಯಲು ಹಾಜರಿ ಪುಸ್ತಕದಲ್ಲಿ ಅಂಕಣವಿಲ್ಲ. ನಿಯಮದಲ್ಲಿ ಅಪಾಯವೆಂಬ ಮಾತಿದೆ, ನಮ್ಮ ದಾರಿಯಲ್ಲಿ ಅಪಾಯವಿದೆ. ಇವೆರಡನ್ನೂ ಒಂದೇ ಮನವಿಯಲ್ಲಿ ಬರೆದು ಕೊಡುವ ಕೆಲಸವನ್ನು ಮಾತ್ರ ನಾವು ಇದುವರೆಗೆ ಮಾಡಿಲ್ಲ.

ಭಾಷೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ನಾಡೊಂದು ಇದೆ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ವೆಲ್ಷ್ ಎಂಬ ಹಳೆಯ ನುಡಿಯುಂಟು. ಅದನ್ನಾಡುವವರು ಅಲ್ಲಿ ಅಲ್ಪಸಂಖ್ಯಾತರು; ಆ ಮಾಧ್ಯಮದ ಶಾಲೆಗಳು ಹಲವು ಕಡೆ ದೂರ ದೂರ. ಅಲ್ಲಿ 2008ರಲ್ಲಿ ವಿದ್ಯಾರ್ಥಿಗಳ ಪ್ರಯಾಣವನ್ನು ಕುರಿತು ಮಾಡಿದ ಕಾನೂನು, ಸ್ಥಳೀಯ ಪ್ರಾಧಿಕಾರಗಳು ವೆಲ್ಷ್ ಮಾಧ್ಯಮದ ಶಿಕ್ಷಣವನ್ನು ಮಕ್ಕಳು ಪಡೆಯುವಂತೆ ಪ್ರೋತ್ಸಾಹಿಸಬೇಕೆಂದು ಸ್ಪಷ್ಟವಾಗಿ ವಿಧಿಸಿತು. ಶಿಕ್ಷಣದ ಕಾನೂನಿನಲ್ಲಿ ಭಾಷೆಯ ಮಾತು ಬರುವುದು ಸಹಜ. ಪ್ರಯಾಣದ ಕಾನೂನಿನಲ್ಲಿ ಅದು ಬಂದಿತೆಂಬುದು ನಾವು ಗಮನಿಸಬೇಕಾದ ಸಂಗತಿ. ಬಸ್ಸಿಲ್ಲದೆ ನುಡಿ ಉಳಿಯದು ಎಂಬುದನ್ನು ಅಲ್ಲಿನವರು ಕಂಡುಕೊಂಡರು.

ನಮ್ಮ ರಾಜ್ಯ ಏನೂ ಮಾಡಿಲ್ಲವೆಂದು ಹೇಳಿದರೆ ಕೃತಘ್ನತೆಯಾದೀತು. ಸರ್ಕಾರದ ಬಸ್ಸುಗಳಲ್ಲಿ ಶಾಲೆಯ ಮಕ್ಕಳಿಗೆ ಉಚಿತ ಪಾಸು ಇದೆ. ಹನ್ನೊಂದನೆಯ ತರಗತಿಗೆ ಬಂದವರಿಗೆ ಸೈಕಲ್ಲು ಇದೆ. 2021ರ ಮೇ ತಿಂಗಳಿಂದ ಸಾಧಾರಣ ದರದ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಎಳೆಯ ಮಗುವನ್ನು ಕರೆತರುವ ತಾಯಿಗೆ ಇದು ದೊಡ್ಡ ಉಪಕಾರ. ಆದರೆ ಪಾಸು ಬಸ್ಸಾಗುವುದಿಲ್ಲ. ಹೊತ್ತಿಗೆ ಬಾರದ ಬಸ್ಸಿಗೂ, ಕೈ ಅಡ್ಡ ಹಿಡಿದರೂ ನಿಲ್ಲದೆ ಹೋಗುವ ಬಸ್ಸಿಗೂ ಪಾಸಿನಿಂದ ಪ್ರಯೋಜನವಿಲ್ಲ. ಹತ್ತಿರದಲ್ಲಿ ದೊಡ್ಡ ಕಾರ್ಖಾನೆಗಳು ಬಂದ ಮೇಲೆ ನಸುಕಿನಿಂದಲೇ ಕೆಲಸಗಾರರನ್ನು ಕರೆದೊಯ್ಯುವ ಬಸ್ಸುಗಳು ನಮ್ಮ ರಸ್ತೆಗಳಲ್ಲಿ ಓಡುತ್ತವೆ. ಅವು ಪಾಳಿಯ ಗಂಟೆಗೆ ಒಂದು ನಿಮಿಷವೂ ತಡಮಾಡುವುದಿಲ್ಲ. ಅದೇ ಕವಲಿನಲ್ಲಿ ಚೀಲ ಹೊತ್ತು ನಿಂತ ಮಕ್ಕಳು ಅವನ್ನು ನೋಡುತ್ತ ನಿಲ್ಲುತ್ತಾರೆ. ಆಮೇಲೆ ಬರುವ ಬಸ್ಸು ತುಂಬಿ ತುಳುಕುತ್ತಿರುತ್ತದೆ. ದೊಡ್ಡ ಹುಡುಗರು ಮೆಟ್ಟಿಲ ಮೇಲೆ ಜೋತುಬೀಳುತ್ತಾರೆ. ಹಾಗೆ ಜೋತುಬೀಳುವವರು ಈ ಸಭೆಯಲ್ಲಿಯೇ ಇದ್ದೀರಿ. ನಿಮ್ಮ ಹೆಸರುಗಳು ನಮಗೆ ಗೊತ್ತು, ಇಲ್ಲಿ ಹೇಳುವುದಿಲ್ಲ.

ಸಂಘವೇ ಒಂದು ವ್ಯಾನನ್ನು ಕೊಳ್ಳಬಾರದೇಕೆ ಎಂದು ಕೆಲವರು ಕೇಳಿದ್ದಾರೆ. ಈ ಮಾತನ್ನು ಕಾರ್ಯಕಾರಿ ಸಮಿತಿಯಲ್ಲಿ ಎರಡು ಬಾರಿ ಚರ್ಚಿಸಿದೆವು, ಒಮ್ಮತಕ್ಕೆ ಬರಲಾಗಲಿಲ್ಲ. 2012ರ ಜುಲೈ ತಿಂಗಳಲ್ಲಿ ಚೆನ್ನೈ ಬಳಿಯ ತಾಂಬರದಲ್ಲಿ ಶಾಲಾ ಬಸ್ಸೊಂದರ ನೆಲದಲ್ಲಿದ್ದ ತೂತಿನಿಂದ ಎಳೆಯ ಬಾಲಕಿಯೊಬ್ಬಳು ಕೆಳಕ್ಕೆ ಬಿದ್ದು ಪ್ರಾಣ ಕಳೆದುಕೊಂಡಳು. ಅದೇ ವರ್ಷ ರಾಜ್ಯ ಸರ್ಕಾರ ಶಾಲಾ ಬಸ್ಸುಗಳಿಗೆ ವಿಶೇಷ ನಿಯಮಗಳನ್ನು ಮಾಡಿತು. ನುರಿತ ಚಾಲಕ, ಜೊತೆಗೊಬ್ಬ ಸಹಾಯಕ, ವೇಗಕ್ಕೆ ಕಡಿವಾಣ, ತುರ್ತು ಬಾಗಿಲು, ಕಾಲಕಾಲಕ್ಕೆ ತಪಾಸಣೆ ಇವೆಲ್ಲ ಬೇಕೇಬೇಕು. ಒಂದನ್ನೂ ಬಿಡುವಂತಿಲ್ಲ, ಬಿಡಲೂ ಬಾರದು. ವರ್ಷದ ಖರ್ಚನ್ನು ಕೂಡಿ ನೋಡಿದರೆ ಪುಸ್ತಕ, ಸಮವಸ್ತ್ರ, ವಿದ್ಯಾರ್ಥಿವೇತನಗಳಿಗೆಂದು ನೀವು ಕೊಟ್ಟ ದೇಣಿಗೆಯ ಬಹುಪಾಲನ್ನು ವ್ಯಾನೇ ನುಂಗುತ್ತದೆ. ಬಾಡಿಗೆ ವಸೂಲು ಮಾಡೋಣವೆಂದರೆ, ಕೊಡಬಲ್ಲವರ ಮಕ್ಕಳು ವ್ಯಾನಿನಲ್ಲಿ ಬರುತ್ತಾರೆ, ಕೊಡಲಾರದವರ ಮಕ್ಕಳು ಕವಲಿನಲ್ಲಿಯೇ ಉಳಿಯುತ್ತಾರೆ. ಅಲ್ಲದೆ ನಮ್ಮ ಮಕ್ಕಳು ಸರ್ಕಾರಿ ಬಸ್ಸನ್ನು ಬಿಟ್ಟರೆ, ಪ್ರಯಾಣಿಕರಿಲ್ಲವೆಂದು ಇರುವ ಬಸ್ಸೂ ನಿಂತುಹೋಗಬಹುದು. ನಮ್ಮ ಸ್ವಂತ ಅಭಿಪ್ರಾಯ ವ್ಯಾನು ಬೇಡವೆಂಬುದು. ಆನೆಗಳ ಕಾಲದ ಮೂರು ನಾಲ್ಕು ತಿಂಗಳಿಗಾದರೂ ಕಾಡಿನಂಚಿನ ಹಳ್ಳಿಗಳಿಗೆ ವಾಹನ ಬೇಕೇಬೇಕೆಂದು ಹಿರಿಯ ಸದಸ್ಯರೊಬ್ಬರು ಹಟ ಹಿಡಿದಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನಮಗಿಲ್ಲ. ಅದು ಮುಂದಿನ ಸಭೆಗೆ ಉಳಿದಿದೆ.

ತಾಯಿತಂದೆಯರ ಪಾಲಿನ ಕೆಲಸವನ್ನೂ ಹೇಳಬೇಕು. 2014ರಲ್ಲಿ ನಮ್ಮ ದೇಶದ ಸುಪ್ರೀಂ ಕೋರ್ಟು, ಕರ್ನಾಟಕದ ಮೊಕದ್ದಮೆಯೊಂದರಲ್ಲಿ, ಮಗುವಿನ ಮಾತೃಭಾಷೆ ಯಾವುದೆಂಬುದನ್ನೂ ಯಾವ ಮಾಧ್ಯಮದಲ್ಲಿ ಓದಬೇಕೆಂಬುದನ್ನೂ ನಿರ್ಧರಿಸುವ ಅಧಿಕಾರ ತಾಯಿತಂದೆಯರದು, ಸರ್ಕಾರದ್ದಲ್ಲ ಎಂದು ಹೇಳಿತು. ಆ ತೀರ್ಪಿನಿಂದ ಕನ್ನಡ ಶಾಲೆಗಳಿಗೆ ಹಾನಿಯಾಯಿತೆಂದು ದುಃಖಪಟ್ಟವರು ಬಹಳ. ಗಡಿಯ ಈಚೆಗಿರುವ ನಮಗೆ ಅದರ ಅರ್ಥ ಬೇರೆ: ನೀವು ಹೇಳದೆ ಇದ್ದರೆ ನಿಮ್ಮ ಪರವಾಗಿ ಯಾರೂ ಹೇಳಲಾರರು. ಸೇರ್ಪಡೆಯ ಅರ್ಜಿಯಲ್ಲಿ ಮಾತೃಭಾಷೆಯೆಂಬ ಅಂಕಣವನ್ನು ಖಾಲಿ ಬಿಡುವವರುಂಟು; ಗುಮಾಸ್ತರು ತಮಗೆ ತೋಚಿದ್ದನ್ನು ಬರೆದರೆ ಸುಮ್ಮನಿರುವವರುಂಟು. ಹತ್ತು ಎಂಬ ಅಂಕಿ ಹುಟ್ಟುವುದು ಆ ಅಂಕಣದಲ್ಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳ ಹೆಸರನ್ನು ಶಾಲಾ ವರ್ಷ ಆರಂಭವಾಗುವುದಕ್ಕೆ ಮೊದಲೇ ನೋಂದಾಯಿಸಬೇಕು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ನೆರೆಯ ಶಾಲೆಗಳೊಡನೆ ಹೊಂದಿಸಬೇಕು ಎಂಬ ಏರ್ಪಾಡನ್ನು ಬಹಳ ಹಿಂದೆಯೇ ಒಪ್ಪಲಾಗಿದೆ. ಜೂನ್ ತಿಂಗಳಲ್ಲಿ ಮಗುವನ್ನು ಕೈಹಿಡಿದು ಕರೆತಂದು ನಿಲ್ಲಿಸಿದರೆ ಆ ಏರ್ಪಾಡಿನಿಂದ ಏನು ಫಲ?

ಮಕ್ಕಳು ತಮಿಳನ್ನೂ ಕಲಿಯಬೇಕಲ್ಲ, ಹೊರೆಯಾಗದೆ ಎಂದು ಕೆಲವರು ಅಂಜುತ್ತಾರೆ. 2006ರ ಕಾಯಿದೆ ತಮಿಳನ್ನು ಈ ರಾಜ್ಯದ ಶಾಲೆಗಳಲ್ಲಿ ಕಡ್ಡಾಯ ಪಾಠವಾಗಿ ಮಾಡಿತು. ಪರೀಕ್ಷೆಯ ವಿಷಯದಲ್ಲಿ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋಗಿ ಕೆಲವು ವರ್ಷಗಳ ಮಟ್ಟಿಗೆ ವಿನಾಯಿತಿ ಪಡೆದದ್ದೂ ಉಂಟು. ಆ ವ್ಯಾಜ್ಯ ತನ್ನ ಹಾದಿಯಲ್ಲಿ ಹೋಗಲಿ. ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಆಡಬೇಕಾದ ಮಾತನ್ನು ಮಗು ಚೆನ್ನಾಗಿ ಕಲಿತರೆ ನಷ್ಟವಿಲ್ಲವೆಂದು ನಾವು ತಿಳಿದಿದ್ದೇವೆ. ಅದರ ಉಪಯೋಗವನ್ನು ಈಗಲೇ ಹೇಳುತ್ತೇವೆ.

ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಈ ದಿನಗಳಲ್ಲಿ ಪ್ರತಿ ಪಂಚಾಯಿತಿಯಲ್ಲಿಯೂ ಗ್ರಾಮಸಭೆ ಕೂಡುತ್ತದೆ. ನಮ್ಮಲ್ಲಿ ಬಹುಮಂದಿ ಅಲ್ಲಿಗೆ ಹೋಗುವುದು ನೀರಿನ ಕೊಳಾಯಿಗಾಗಿ, ಬೀದಿ ದೀಪಕ್ಕಾಗಿ. ಮೇ 1ರ ಸಭೆ ಶಾಲೆ ತೆರೆಯುವುದಕ್ಕೆ ಒಂದು ತಿಂಗಳ ಮುಂಚೆ ಬರುತ್ತದೆ. ಬಸ್ಸಿನ ಮಾತನ್ನು ಎತ್ತಲು ಅದಕ್ಕಿಂತ ತಕ್ಕ ದಿನವಿಲ್ಲ. ಅಲ್ಲಿ ನಿರ್ಣಯವಾಗಿ ಬರೆದ ಮಾತಿಗೆ, ಬಸ್ ಡಿಪೋ ಮುಂದೆ ನಿಂತು ಕೂಗಿದ ಮಾತಿಗಿಂತ ಹೆಚ್ಚು ಬೆಲೆ ಉಂಟು. ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಾಯಿತಂದೆಯರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾಯಿದೆ ಹೇಳುತ್ತದೆ. ಆ ಸಮಿತಿಯ ರುಜುವೂ ಮನವಿಯ ಮೇಲೆ ಬೀಳಲಿ. ಯಾವ ಹಳ್ಳಿಯಿಂದ ಎಷ್ಟು ಮಕ್ಕಳು, ಅವರ ಮಾತೃಭಾಷೆ ಯಾವುದು, ನಡೆಯುವ ದೂರವೆಷ್ಟು, ದಾರಿಯಲ್ಲಿ ಕಾಡು ಉಂಟೇ, ಬಸ್ಸು ಈಗ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಬರಬೇಕು ಎಂಬ ಪಟ್ಟಿಯನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳು ಕಳೆದ ತಿಂಗಳು ಹಳ್ಳಿ ಹಳ್ಳಿ ತಿರುಗಿ ಸಿದ್ಧಪಡಿಸಿದ್ದಾರೆ. ಮನವಿಯನ್ನು ಕನ್ನಡದಲ್ಲಿ ಬರೆದಿದ್ದೇವೆ. ಓದುವ ಅಧಿಕಾರಿಗಳಿಗೆ ತಿಳಿಯಬೇಕಲ್ಲವೇ? ಆದಕಾರಣ ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಅದನ್ನು ಮುತ್ತಿನಂತಹ ಅಕ್ಷರಗಳಲ್ಲಿ ತಮಿಳಿನಲ್ಲಿಯೂ ಬರೆದಿದ್ದಾರೆ. ತಮಿಳು ಪಂಡಿತರು ನೋಡಿ, ಒಂದೇ ಒಂದು ತಪ್ಪನ್ನು ತಿದ್ದಿದರು.

ಎರಡು ಪ್ರತಿಗಳೂ ಜಗುಲಿಯ ಮೇಜಿನ ಮೇಲಿವೆ. ಬರುವ ವರ್ಷ ಒಂದನೆಯ ತರಗತಿಗೆ ಸೇರಬೇಕಾದ ಮಕ್ಕಳ ಹೆಸರು ಬರೆಯುವ ಪುಸ್ತಕವೂ ಅಲ್ಲಿಯೇ ಇದೆ. ಈ ಹೊತ್ತಿಗೆ ಅದರಲ್ಲಿ ಎಂಟು ಹೆಸರುಗಳಿವೆ. ರುಜು ಮಾಡಲು ಬಾರದವರು ಸಂಕೋಚಪಡಬೇಕಾಗಿಲ್ಲ, ಹೆಬ್ಬೆಟ್ಟು ಒತ್ತಬಹುದು. ಕೊನೆಯ ಬಸ್ಸು ಹಿಡಿಯಬೇಕಾದವರಿಗೆ ದಯವಿಟ್ಟು ಉಳಿದವರು ಮೊದಲು ದಾರಿ ಬಿಡಬೇಕು.